ನವಗೃಹ ದೋಷಮೀಮಾಂಸೆ: ಯಲ್ಲಾಪುರ ತಾಲೂಕನ್ನು ಅನುಲಕ್ಷಿಸಿ

ಪ್ರಸ್ತಾವನೆ

ವಸತಿ ಎಂಬ ಪರಿಕಲ್ಪನೆಯನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗಿಸಿದಾಗ, ಮನೆಯೆಂಬ ಭೌತಿಕ ಪಠ್ಯವು ಯಜಮಾನ, ಎಂಜಿನಿಯರ್, ಮೇಸ್ತ್ರಿ ಎಂಬ ತ್ರಿವಿಧ ಕರ್ತೃತ್ವದ ಅನುಸಂಧಾನದಲ್ಲಿ ರೂಪು ತಳೆಯುವುದನ್ನೂ, ತಪ್ಪು ಕಾಣಿಸಿಕೊಂಡ ಗಳಿಗೆಯಲ್ಲಿ ಮೂವರೂ ಆ ಕರ್ತೃತ್ವವನ್ನು ನಿರಾಕರಿಸುವುದನ್ನೂ ಗುರುತಿಸಬಹುದಾಗಿದೆ. ಕರ್ತೃ ಸತ್ತನೆಂದು ಫ್ರಾನ್ಸಿನ ರೋಲಾಂ ಬಾರ್ತ್ 1967ರಲ್ಲಿ ಸಾರಿದ. ಯಲ್ಲಾಪುರದಲ್ಲಿ ಕರ್ತೃ ಸತ್ತಿಲ್ಲ, ಫೋನ್ ಎತ್ತುತ್ತಿಲ್ಲ.

ಇದನ್ನೇ ‘ಹೊಸ ಮನೆ ಸೋರುತ್ತಿದೆ’ ಎಂದೂ ಬರೆಯಬಹುದಿತ್ತು. ಹಾಗೆ ಬರೆದರೆ ಪಿಎಚ್.ಡಿ. ಸಿಗುವುದಿಲ್ಲ.

ವ್ಯಾಪ್ತಿ ಮತ್ತು ಮಿತಿ

ಕಿರವತ್ತಿಯಿಂದ ಅರಬೈಲ್ ಘಟ್ಟದ ತಲೆಯವರೆಗೆ, ಅಡಿಕೆಗೆ ದರ ಬಂದ ವರ್ಷಗಳಲ್ಲಿ ಎದ್ದ ಆರ್‌ಸಿಸಿ ಮನೆಗಳು ಈ ಮಹಾಪ್ರಬಂಧದ ಆಕರ. ಕ್ಷೇತ್ರಕಾರ್ಯದ ಬಹುಭಾಗ ಬಕೆಟ್ಟುಗಳ ನಡುವೆ ನಡೆಯಿತು. 2021ರ ಜುಲೈ ಮಳೆಗೆ ಗುಡ್ಡ ಕುಸಿದ ಕಳಚೆಯನ್ನು ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಅಲ್ಲಿ ಮನೆ, ತೋಟ ಕಳೆದುಕೊಂಡವರೆದುರು ಸ್ಲ್ಯಾಬಿನ ಸೋರಿಕೆಯ ಕತೆ ಹೇಳಲು ಬಾಯಿ ಬರುವುದಿಲ್ಲ.

ಐತಿಹಾಸಿಕ ಪರಿಪ್ರೇಕ್ಷ್ಯ

ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಸೀಮೆಯಲ್ಲಿ ಮಾಡು ಇಳಿಜಾರಾಗಿರಬೇಕು ಎಂಬ ದೇಸೀ ಜ್ಞಾನಪರಂಪರೆಯೊಂದು ಇಲ್ಲಿ ಅಸ್ತಿತ್ವದಲ್ಲಿತ್ತು. ಹುಲ್ಲು ಹೊದೆಸುತ್ತಿದ್ದ ಕಾಲದಲ್ಲೂ ಇತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದು, ಕ್ರಮೇಣ ಆ ಹೆಂಚು ಘಟ್ಟ ಹತ್ತಿ ಬಂದ ಮೇಲೂ ಉಳಿಯಿತು. ಆಮೇಲೆ ಆಧುನಿಕತೆ ಬಂತು. ಅದು ಚಪ್ಪಟೆಯಾಗಿತ್ತು.

ತಾರಸಿಯ ಮೇಲೆ ಅಡಿಕೆ ಒಣಗಿಸಬಹುದಲ್ಲ ಎಂಬ ಪೂರ್ವಪಕ್ಷವನ್ನು ಗೌರವಿಸೋಣ. ಆದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿಯ ಮೇಲೆ ಕಬ್ಬಿಣದ ಟ್ರಸ್ ಏಳುತ್ತದೆ, ಟ್ರಸ್ಸಿನ ಮೇಲೆ ಬಣ್ಣದ ಶೀಟು ಬರುತ್ತದೆ, ಅಡಿಕೆ ಮತ್ತೆ ಅಂಗಳಕ್ಕೆ ಇಳಿಯುತ್ತದೆ. ಹೀಗೆ ಒಂದು ಸಂಸಾರಕ್ಕೆ ಎರಡು ಮಾಡು. ಮೇಲಿನದು ಕೆಳಗಿನದನ್ನು ಮಳೆಯಿಂದ ಕಾಯುತ್ತದೆ. ಕೆಳಗಿನದು ಏನನ್ನು ಕಾಯುತ್ತದೆ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ. ಈಶಾನ್ಯದಲ್ಲಿ ನೀರಿರಬೇಕು ಎಂಬ ವಾಸ್ತುವಚನ ಮಾತ್ರ ಎಲ್ಲ ಮನೆಗಳಲ್ಲೂ ಪಾಲನೆಯಾಗಿದೆ. ಸ್ಲ್ಯಾಬು ಆ ಮೂಲೆಯಲ್ಲೂ ಸೋರುತ್ತದೆ.

ದೋಷಗಳ ವರ್ಗೀಕರಣ

ದೋಷಗಳು ಏಳು ವಿಧ.

ಒಂದು, ಕೋನಾತ್ಮಕ ದೋಷ. ಮೂಲೆಮಟ್ಟವನ್ನು ಚೀಲದಿಂದ ಹೊರತೆಗೆಯದೆ ಗೋಡೆ ಎಬ್ಬಿಸಿದಾಗ ಸಂಭವಿಸುವಂಥದು. ಇದು ಟೈಲ್ಸ್ ಹಾಸುವ ದಿನದವರೆಗೆ ಅವ್ಯಕ್ತ. ಅಂದು ಕೊನೆಯ ಸಾಲಿನ ಟೈಲ್ಸನ್ನು ತ್ರಿಕೋನಾಕಾರವಾಗಿ ಕತ್ತರಿಸಬೇಕಾಗಿ ಬಂದಾಗ ವ್ಯಕ್ತ. ಟೈಲ್ಸಿನವ ಗೌಂಡಿಯ ಕಡೆ ಬೆರಳು ತೋರಿಸುತ್ತಾನೆ. ಗೌಂಡಿ ಪಾಯ ತೋಡಿದವನ ಕಡೆ. ಪಾಯ ತೋಡಿದ್ದು ಜೆಸಿಬಿ.

ಈ ಸಂದರ್ಭದಲ್ಲಿ ಮೇಸ್ತ್ರಿ ಉಚ್ಚರಿಸುವ ಮಹಾವಾಕ್ಯವನ್ನು ದಾಖಲಿಸುವುದು ಅಗತ್ಯ: ‘ಏನೂ ಆಗಂಗಿಲ್ರಿ ಭಟ್ರ, ಗಿಲಾವ್ ಮಾಡೂಮುಂದ ತೆಗದ್ ಬಿಡ್ತೀವಿ.’ ಇದರಲ್ಲಿ ಒಂದು ಪರಿಪೂರ್ಣ ಮುಂದೂಡಿಕೆಯ ತತ್ತ್ವಶಾಸ್ತ್ರ ಅಡಗಿದೆ. ಪಾಯದ ತಪ್ಪನ್ನು ಗೋಡೆಯಲ್ಲಿ, ಗೋಡೆಯದನ್ನು ಗಿಲಾವಿನಲ್ಲಿ, ಗಿಲಾವಿನದನ್ನು ಪುಟ್ಟಿಯಲ್ಲಿ, ಪುಟ್ಟಿಯದನ್ನು ಬಣ್ಣದಲ್ಲಿ ತೆಗೆಯಲಾಗುವುದು. ಬಣ್ಣದ ತಪ್ಪಿನ ಮೇಲೆ ಅಡಿಕೆ ಸೊಸೈಟಿಯವರ ಕ್ಯಾಲೆಂಡರ್ ತೂಗುವುದು.

ಎರಡು, ಪ್ರವಾಹಾತ್ಮಕ ದೋಷ. ಬಚ್ಚಲಿನ ನೀರು ಜಾಲರಿಯ ಕಡೆ ಹೋಗದೆ ಬಾಗಿಲಿನ ಕಡೆ ಬರುವುದು. ನೀರು ತಗ್ಗಿಗೆ ಹರಿಯುತ್ತದೆ ಎಂಬುದು ಗುಡ್ಡದ ಅಬ್ಬಿ ನೀರನ್ನು ದಬ್ಬೆಯಲ್ಲಿ ಮನೆಬಾಗಿಲಿಗೆ ತಂದುಕೊಂಡ ಊರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೂ ಹೇಳಬೇಕಾಗಿದೆ.

ಮೂರು, ಬಾಗಿಲ ಹಿಂದೆ ಅಡಗಿದ ಸ್ವಿಚ್ಚು. ನಾಲ್ಕರಿಂದ ಏಳರವರೆಗೂ ಇದ್ದವು. ಸಾಕು.

ಅಭಾವ ವಿಚಾರ

ತರ್ಕಸಂಗ್ರಹ ಬರೆದ ಅನ್ನಂಭಟ್ಟ ಅಭಾವವನ್ನು ನಾಲ್ಕಾಗಿ ವಿಂಗಡಿಸಿದ್ದಾನೆ. ಅವನು ಮನೆ ಕಟ್ಟಿಸಿದ್ದನೋ ಏನೋ, ಇಷ್ಟು ಕರಾರುವಾಕ್ಕಾದ ವಿಂಗಡಣೆ ಅನುಭವವಿಲ್ಲದೆ ಹುಟ್ಟುವುದು ಕಷ್ಟ. ಆದಿಯಿಲ್ಲದ, ಆದರೆ ಅಂತ್ಯವಿರುವ ಅಭಾವವು ಪ್ರಾಗಭಾವ: ‘ನಾಳೆ ಬತ್ತೇನ್ರಿ’ ಎಂದ ಗೌಂಡಿಯದು, ಎಂದಾದರೊಂದು ದಿನ ಬರುತ್ತಾನೆ. ಆದಿಯಿದ್ದು ಅಂತ್ಯವಿಲ್ಲದ್ದು ಪ್ರಧ್ವಂಸಾಭಾವ: ಮುಂಗಡ ಇಸಿದುಕೊಂಡ ಬಡಗಿಯದು. ಮೂರು ಕಾಲದಲ್ಲೂ ಇಲ್ಲದಿರುವುದು ಅತ್ಯಂತಾಭಾವ, ಇದು ಪ್ಲಂಬರಿಗೆ ಮೀಸಲು. ಇದು ಅದಲ್ಲ, ಅದು ಇದಲ್ಲ ಎನ್ನುವುದು ಅನ್ಯೋನ್ಯಾಭಾವ: ಪೈಪಿಗಾಗಿ ಒಡೆದ ಗೋಡೆ ಮುಚ್ಚುವುದು ಪ್ಲಂಬರನ ಕೆಲಸವಲ್ಲ, ಗೌಂಡಿಯ ಕೆಲಸವೂ ಅಲ್ಲ. ಹಾಗಾಗಿ ಅಲ್ಲಿ ಹಲ್ಲಿ ವಾಸವಾಗಿದೆ.

ನೀರು

ಈಗ ಪರಿಭಾಷೆ ಬಿಡುತ್ತೇನೆ.

ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 456 ಎಂಬುದಿದೆ. ಅದರ 2000ನೇ ಇಸವಿಯ ಆವೃತ್ತಿ ನೋಡಿ. ಎಂ-20 ಮಿಶ್ರಣಕ್ಕೆ 50 ಕಿಲೋದ ಒಂದು ಚೀಲ ಸಿಮೆಂಟಿಗೆ 30 ಲೀಟರಿಗಿಂತ ಹೆಚ್ಚು ನೀರು ಬೇಡ ಎಂದು ಅದರಲ್ಲಿದೆ. ನಮ್ಮಲ್ಲಿ ಅಳತೆ ಎಂದರೆ ಪೈಪು. ಮಾಲು ಸರಾಗ ಹರಿಯುವವರೆಗೆ ಬಿಡುವುದು. ಹೆಚ್ಚಾದ ನೀರು ಆಮೇಲೆ ಆವಿಯಾಗಿ, ತಾನಿದ್ದ ಜಾಗವನ್ನು ಸಣ್ಣ ಸಣ್ಣ ತೂತುಗಳಾಗಿ ಬಿಟ್ಟುಹೋಗುತ್ತದೆ. ಜೂನ್ ತಿಂಗಳಲ್ಲಿ ಮಳೆ ಆ ದಾರಿಯನ್ನೇ ಹುಡುಕಿಕೊಂಡು ಬರುತ್ತದೆ. ಕವರ್ ಬ್ಲಾಕ್ ಇಡದೆ ಕಂಬಿಯನ್ನು ಸೆಂಟ್ರಿಂಗ್ ಹಲಗೆಗೆ ಅಂಟಿಸಿ ಕೂರಿಸಿದ್ದರೆ, ನೀರು ಕಂಬಿಗೆ ಮುಟ್ಟುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ. ಉಬ್ಬಿ ಕಾಂಕ್ರೀಟನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ.

ಇನ್ನು ಕ್ಯೂರಿಂಗ್. ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಈಗ ಸಾಮಾನ್ಯವಾಗಿ ಸಿಗುವ ಬೂದಿಮಿಶ್ರಿತ ಸಿಮೆಂಟಾದರೆ 10 ದಿನ, ಸಾಧ್ಯವಾದರೆ 14 ದಿನ ಒದ್ದೆಯಾಗಿರಬೇಕು ಎನ್ನುತ್ತದೆ ಅದೇ ಮಾನಕ. ಸ್ಲ್ಯಾಬು ಬೀಳುವುದು ಮಾರ್ಚ್, ಏಪ್ರಿಲ್‌ನಲ್ಲಿ. ಬಾವಿ ತಳ ಕಂಡಿರುತ್ತದೆ. ಮೇಸ್ತ್ರಿ ಸ್ಲ್ಯಾಬು ಹಾಕಿದ ಸಂಜೆಯೇ ಇನ್ನೊಂದು ಮನೆಯ ಪಾಯಕ್ಕೆ ಹೋಗಿರುತ್ತಾನೆ. ಅವನಿಗೆ ಕೊಡುವುದು ಚದರಡಿ ಲೆಕ್ಕದಲ್ಲಿ. ನೀರು ಹಾಕಿದರೆ ಚದರಡಿ ಹೆಚ್ಚುವುದಿಲ್ಲ. ಯಜಮಾನ ಬ್ಯಾಂಕಿಗೆ ಓಡುತ್ತಿರುತ್ತಾನೆ, ಮಗ ಬೆಂಗಳೂರಿನಲ್ಲಿರುತ್ತಾನೆ. ಕೊನೆಗೆ ಪೈಪು ಹಿಡಿದು ಸುಡುಬಿಸಿಲಲ್ಲಿ ಏಣಿ ಹತ್ತುವುದು ಮೊಣಕಾಲು ನೋವಿರುವ, ಮನೆಯ ಹಿರಿಯ ಹೆಂಗಸು. ಇಡೀ ಮನೆಯ ಆಯುಷ್ಯ ನಿಂತಿರುವ ಕೆಲಸಕ್ಕೆ ಎಸ್ಟಿಮೇಟಿನಲ್ಲಿ ಒಂದು ಸಾಲು ಬರೆಯದ ಎಂಜಿನಿಯರು, ಜಗುಲಿಯ ಕಂಬಕ್ಕೆ ಕಮಲದ ದಳ ಕೆತ್ತಿಸಲು ಅರ್ಧ ಪುಟ ಬರೆದಿರುತ್ತಾನೆ. ಇದಕ್ಕೆ ಸಿಟ್ಟು ಬರದಿದ್ದರೆ ಇನ್ನಾವುದಕ್ಕೆ ಬರಬೇಕು?

ಗೌಂಡಿಯನ್ನು ಬೈಯುವುದು ಸುಲಭ. ಅವನಿಗೆ ಯಾರು ಕಲಿಸಿದರು? ಮಾಲು ಹೊರುತ್ತಿದ್ದ ಹುಡುಗ ಒಂದು ದಿನ ಕರಣೆ ಹಿಡಿದ, ಮೂರನೆಯ ವರ್ಷ ಮೇಸ್ತ್ರಿಯಾದ. ಹಳೆಯ ಬಡಗಿಗಳು ಒಂದೊಂದು ಮನೆಯಲ್ಲಿ ವರ್ಷಗಟ್ಟಲೆ ಉಂಡು, ಮಲಗಿ ಕೆಲಸ ಮಾಡುತ್ತಿದ್ದರು. ಜೊತೆಗಿದ್ದ ಹುಡುಗ ಪಕಾಸಿ ಕೂರಿಸುವುದನ್ನು ನೋಡಿಯೇ ಕಲಿಯುತ್ತಿದ್ದ. ಆ ಹುಡುಗರ ಮೊಮ್ಮಕ್ಕಳು ಈಗ ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚುತ್ತಿದ್ದಾರೆ. ಹೆಂಚಿನ ಮಾಡಿನ ಸೋರಿಕೆ ಹುಡುಕಬಲ್ಲವರು ಊರಿಗೊಬ್ಬರೂ ಉಳಿದಿಲ್ಲ. ಇದ್ದವರನ್ನು ನಾವು ಹೊಸ ಮನೆಯ ಕೆಲಸಕ್ಕೆ ಕರೆಯಲಿಲ್ಲ, ಅವರ ಬಳಿ ಡ್ರಾಯಿಂಗ್ ಇರಲಿಲ್ಲವೆಂದು.

ಮುಹೂರ್ತ ಪ್ರಕರಣ

ಮನೆಒಕ್ಕಲು ವೈಶಾಖದಲ್ಲಿ. ಬಾಗಿಲಿಗೆ ಪಾಲಿಶ್ ಒಣಗಿರುವುದಿಲ್ಲ, ಆದರೆ ಮುಹೂರ್ತ ಕಾಯುವುದಿಲ್ಲ. ಅಂದು ಮೇಸ್ತ್ರಿಗೆ ಶಾಲು, ಪಂಚೆ, ತೆಂಗಿನಕಾಯಿ, ಬಾಕಿ ಹಣ. ಮಳೆ ಹಿಡಿಯುವುದು ಅದಾದ ಮೇಲೆ. ಪದವಿ ಪ್ರದಾನ ಮುಗಿಸಿ ಪರೀಕ್ಷೆ ಇಡುವ ವಿಶ್ವವಿದ್ಯಾಲಯ ಇದೊಂದೇ. ಇತರ ಕಡೆಗಳಲ್ಲಿ ಪರೀಕ್ಷೆಯನ್ನೇ ಇಡುವುದಿಲ್ಲ ಎಂದು ಕೇಳಿದ್ದೇನೆ, ಅದು ಬೇರೆ ಪ್ರಬಂಧ.

ಪರಿಹಾರ

ಫ್ಲ್ಯಾಟು ಕೊಂಡವನಿಗೆ 2016ರ ರೇರಾ ಕಾಯ್ದೆಯಿದೆ. ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರ್ ಸರಿಪಡಿಸಿಕೊಡಬೇಕು. ಸ್ವಂತ ಜಾಗದಲ್ಲಿ ಮೇಸ್ತ್ರಿಯಿಂದ ಕಟ್ಟಿಸಿಕೊಂಡವನಿಗೆ ಅದು ಒದಗುವುದಿಲ್ಲ. ಅವನಿಗಿರುವುದು ಗ್ರಾಹಕ ಕಾಯ್ದೆ. 1993ರ ತಿದ್ದುಪಡಿಯಲ್ಲಿ ಮನೆ ನಿರ್ಮಾಣವೂ ‘ಸೇವೆ’ಯ ಪಟ್ಟಿಗೆ ಸೇರಿತು, ಈಗಿನ 2019ರ ಕಾಯ್ದೆಯಲ್ಲೂ ಇದೆ. ವ್ಯಾಜ್ಯ ಹುಟ್ಟಿದ 2 ವರ್ಷದೊಳಗೆ ಅರ್ಜಿ ಹಾಕಬೇಕು. ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ: ಅರಬೈಲ್ ಘಟ್ಟ ಇಳಿದು, ಅಂಕೋಲಾ ದಾಟಿ. ಅಲ್ಲಿಗೆ ಹೋದರೂ ಮೇಸ್ತ್ರಿಯೊಂದಿಗೆ ವ್ಯವಹಾರವಿತ್ತೆಂಬುದಕ್ಕೆ ಹೆಚ್ಚಿನವರ ಬಳಿ ಇರುವ ಏಕೈಕ ದಾಖಲೆ, ಶಾಲು ಹೊದೆಸುವ ಫೋಟೋ.

ಆದ್ದರಿಂದ ಮನೆ ಕಟ್ಟಿಸಲು ಹೊರಟವರಲ್ಲಿ ವಿನಂತಿ. ಮಾಲಿನ ಪ್ರಮಾಣ, ಕವರ್ ಬ್ಲಾಕ್, ಬಚ್ಚಲಿನ ಇಳಿಜಾರು, ಎಲ್ಲವನ್ನೂ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ನೀರು ಹಾಕುವುದಕ್ಕೆ ಬೇರೆ ಆಳು ಇಟ್ಟು ಬೇರೆ ಕೂಲಿ ಕೊಡಿ. ಶಾಲನ್ನು ಒಕ್ಕಲಿನ ದಿನವೇ ಹೊದೆಸಿ, ಅಡ್ಡಿಯಿಲ್ಲ. ಕೊನೆಯ ಕಂತನ್ನು ಮಾತ್ರ ನವರಾತ್ರಿ ಕಳೆದ ಮೇಲೆ ಕೊಡುವುದೆಂದು ಮೊದಲ ದಿನವೇ ಮಾತಾಡಿಕೊಳ್ಳಿ. ಒಪ್ಪದ ಮೇಸ್ತ್ರಿಗೆ ಕೆಲಸ ಕೊಡಬೇಡಿ.