ದುರ್ಗಸೀಮೆಯ ವಿಮಾನವೀಕ್ಷಣಾ ಶಾಸ್ತ್ರ: ಒಂದು ಪೀಠಿಕೆ

ಯಾವುದೇ ಶಾಸ್ತ್ರವು ತನ್ನ ವಿಷಯವೇನು, ಪ್ರಯೋಜನವೇನು, ಅದನ್ನು ಅಭ್ಯಸಿಸಲು ಅಧಿಕಾರಿ ಯಾರು ಎಂಬುದನ್ನು ಹೇಳಿಕೊಂಡೇ ಮುಂದುವರಿಯಬೇಕೆಂಬುದು ಪೂರ್ವಸೂರಿಗಳ ಮತ. ಪ್ರಕೃತ ಶಾಸ್ತ್ರದ ವಿಷಯ ವಿಮಾನವೀಕ್ಷಣೆ. ಅಂದರೆ ತಾನು ಹತ್ತದ, ಹತ್ತುವ ಉದ್ದೇಶವೂ ಇಲ್ಲದ ವಿಮಾನವನ್ನು ಕತ್ತೆತ್ತಿ ನೋಡಿ, ಕೈಲಾದರೆ ಅದರ ಫೋಟೋ ಹಿಡಿದು, ಅದರ ಕುಲಗೋತ್ರಗಳ ಬಗ್ಗೆ ಇನ್ನೊಬ್ಬ ವೀಕ್ಷಕನೊಡನೆ ಮನಸ್ತಾಪ ಬರುವವರೆಗೆ ವಾದಿಸುವ ವ್ಯಾಪಾರ. ಪ್ರಯೋಜನವಿನ್ನೂ ನಿರ್ಣಯವಾಗಿಲ್ಲ. ಅಧಿಕಾರಿಯ ವಿಷಯದಲ್ಲಿ ಮಾತ್ರ ಬೆಂಗಳೂರು ಪಂಥಕ್ಕೂ ಚಿತ್ರದುರ್ಗದ, ಅಂದರೆ ದುರ್ಗ ಪಂಥಕ್ಕೂ ಮೂಲಭೂತ ಭೇದವಿದ್ದು, ಎರಡನೆಯದನ್ನು ಸ್ಥಾಪಿಸುವುದೇ ಈ ಪ್ರಬಂಧದ ಉದ್ದೇಶ.

ಪೂರ್ವಪಕ್ಷವಾದ ಬೆಂಗಳೂರು ಪಂಥದ ಪ್ರಕಾರ ವೀಕ್ಷಕನು ವಿಮಾನವಿದ್ದಲ್ಲಿಗೆ ಹೋಗತಕ್ಕವನು. 1996ರಲ್ಲಿ ಶುರುವಾಗಿ ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತ ಬಂದಿರುವ ಏರೋ ಇಂಡಿಯಾ ಪ್ರದರ್ಶನಕ್ಕೆ ಈ ಪಂಥದವನು ಟಿಕೆಟ್ ಕೊಂಡು, ಮೊಳದುದ್ದದ ಲೆನ್ಸ್ ಹೊತ್ತು ಹೋಗುತ್ತಾನೆ. ಟಿಕೆಟ್ ಕೊಳ್ಳದವನು ಬಳ್ಳಾರಿ ರಸ್ತೆಯ ಬದಿಯಲ್ಲಿ ನಿಂತು ಅದೇ ಆಕಾಶವನ್ನು ಪುಕ್ಕಟೆಯಾಗಿ ನೋಡುತ್ತಾನೆ. ಇಬ್ಬರ ಕತ್ತೂ ಸಮಾನವಾಗಿ ನೋಯುವುದರಿಂದ ಟಿಕೆಟ್ಟಿನ ತಾತ್ವಿಕ ಅಗತ್ಯವೇನು ಎಂಬುದರ ಬಗ್ಗೆ ಆ ಪಂಥದೊಳಗೇ ದ್ವೈತವಿದೆ.

ಛಾಯಾಗ್ರಹಣ ಈ ಪಂಥದ ಕರ್ಮಕಾಂಡ. ಶಟರ್ ವೇಗ, ಅಂದರೆ ಕ್ಯಾಮೆರಾ ಕಣ್ಣು ತೆರೆದಿರುವ ಅವಧಿ, ಜೆಟ್ ವಿಮಾನಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗವಿದ್ದರೂ ನಡೆಯುತ್ತದೆ. ಪ್ರೊಪೆಲ್ಲರ್ ವಿಮಾನಕ್ಕೂ ಅಷ್ಟೇ ಇಟ್ಟರೆ ತಿರುಗುವ ಅಲಗುಗಳು ಚಿತ್ರದಲ್ಲಿ ಸ್ತಬ್ಧವಾಗಿ, ನಡುಗಗನದಲ್ಲಿ ಎಂಜಿನ್ ಕೆಟ್ಟು ನಿಂತಂತೆ ಕಾಣುವುದರಿಂದ, ಅದನ್ನು 1/125 ಸೆಕೆಂಡಿನ ಆಸುಪಾಸಿಗೆ ತಂದು, ವಿಮಾನ ಓಡಿದತ್ತಲೇ ಕ್ಯಾಮೆರಾವನ್ನೂ ಹೊರಳಿಸಬೇಕು. ಈ ವಿದ್ಯೆಗೆ ಪ್ಯಾನಿಂಗ್ ಎಂದು ಹೆಸರು. ಅಲಗುಗಳ ಅಭ್ಯಾಸಕ್ಕೆ ಜೋಗಿಮಟ್ಟಿ ಮತ್ತು ಹೊಸದುರ್ಗದ ಗುಡ್ಡಗಳ ಗಾಳಿಯಂತ್ರಗಳು ಅತ್ಯುತ್ತಮವೆಂದು ದುರ್ಗ ಪಂಥ ಹೇಳುತ್ತದೆ: ಮೂರು ಅಲಗು, ನಿಧಾನಗತಿ, ಟಿಕೆಟ್ ಇಲ್ಲ. ಅವು ಮೇಲೇರುವುದಿಲ್ಲವೆಂಬ ಆಕ್ಷೇಪ ಸರಿಯೇ ಆದರೂ, ಕಲಿಯುವವನಿಗೆ ಅದು ಅನುಕೂಲವೇ ಹೊರತು ದೋಷವಲ್ಲ. ದುರ್ಗಕ್ಕೇ ಸೇರಿದ ಹೊಳಲ್ಕೆರೆ ಸೀಮೆಯಲ್ಲಿ ಮಾತ್ರ ಅಡಿಕೆ ತೋಟಗಳ ನೆತ್ತಿ ಅಡ್ಡ ಬರುವುದರಿಂದ ವೀಕ್ಷಣಾಯೋಗ ಕಡಿಮೆ. ಅಲ್ಲಿ ಸದಾ ಬಯಲಿನಲ್ಲೇ ಪೂಜೆಗೊಳ್ಳುತ್ತ ಬಂದಿರುವ ಬಯಲು ಗಣಪತಿಯನ್ನು ಪೂರ್ಣಾವಧಿ ವೀಕ್ಷಕನೆಂದು ಪರಿಗಣಿಸಬಹುದಾದರೂ, ಹೇಳಿಕೆ ಪಡೆಯುವ ಮಾರ್ಗವಿಲ್ಲದ ಕಾರಣ ಆತನನ್ನು ಈ ಅಧ್ಯಯನದಿಂದ ಕೈಬಿಡಲಾಗಿದೆ.

ಇನ್ನು ಸಿದ್ಧಾಂತ. ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನನಿಲ್ದಾಣವಿಲ್ಲ. ಆದರೂ ಇಲ್ಲಿನ ವಿಮಾನಯೋಗ ಯಾವ ರಾಜಧಾನಿಗೂ ಕಡಿಮೆಯದಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವು 2017ರ ಮೇ 28ರಂದು ವಿಧಿವತ್ತಾಗಿ ಉದ್ಘಾಟನೆಯಾಯಿತು. ಕಾವಲೆಂದರೆ ದನಕುರಿ ಮೇಯುವ ಹುಲ್ಲುಗಾವಲು. ಇದಕ್ಕಾಗಿ ಕೊಟ್ಟ ಭೂಮಿ 4,290 ಎಕರೆ. ಬೇಲಿ ಬಿದ್ದ ಮೇಲೆ ಕುರಿ ಹೊರಗುಳಿಯಿತು, ವಿಮಾನ ಒಳಗೆ ಬಂತು. ದುರ್ಗದವರು ಟಿಕೆಟ್ ಕೊಳ್ಳುವುದಿಲ್ಲವೆಂದು ಬೆಂಗಳೂರು ಪಂಥ ಹೀಯಾಳಿಸುವುದುಂಟು. ಟಿಕೆಟ್ಟಿನ ದರವನ್ನು ಎಕರೆಗಳಲ್ಲಿ, ಅದೂ ಮುಂಗಡವಾಗಿ ವಸೂಲು ಮಾಡಿದ ಪ್ರದರ್ಶನ ಪ್ರಪಂಚದಲ್ಲಿ ಅಪರೂಪವೆಂಬುದನ್ನು ಅವರು ಗಮನಿಸಿದಂತಿಲ್ಲ.

ಹಳೆಯ ವಿಮಾನವೆಂದರೆ ಯಾವುದೆಂಬ ಜಟಿಲ ಪ್ರಶ್ನೆಯೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಎಚ್‌ಎಎಲ್ ನಿರ್ಮಿಸಿದ ಮಾರುತ್ ಯುದ್ಧವಿಮಾನ ಮೊದಲು ಹಾರಿದ್ದು 1961ರ ಜೂನ್‌ನಲ್ಲಿ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನಿಂತು ಶಾಲಾಮಕ್ಕಳ ಸೆಲ್ಫಿಗೆ ಒದಗುತ್ತಿದೆ. ಅಮೆರಿಕದ ಚಿನೂಕ್ ಹೆಲಿಕಾಪ್ಟರ್ ಮೊದಲು ಹಾರಿದ್ದೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಅದೇ ವಂಶದ ಹೊಸ ಕುಡಿಯೊಂದು 2023ರ ಏಪ್ರಿಲ್ 2ರ ಬೆಳಿಗ್ಗೆ, ಇಸ್ರೋದ ಮರುಬಳಕೆ ಉಡಾವಣಾ ವಾಹನದ ರೆಕ್ಕೆಯುಳ್ಳ ಮಾದರಿಯನ್ನು ತೊಟ್ಟಿಲಂತೆ ತೂಗಿಸಿಕೊಂಡು, ದುರ್ಗಸೀಮೆಯ ಮೇಲೆ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಆ ವಾಹನ ತಾನೇ ದಾರಿ ಹುಡುಕಿಕೊಂಡು ಪರೀಕ್ಷಾ ವಲಯದ ರನ್‌ವೇಗೆ ಇಳಿಯಿತು. ಪುಷ್ಪಕವೆಂದು ಕರೆಸಿಕೊಂಡ ಈ ವಾಹನ 2024ರ ಜೂನ್ 23ರ ಮೂರನೆಯ ಪ್ರಯೋಗದಲ್ಲಿ ನೆಲ ಮುಟ್ಟಿದ್ದು ಗಂಟೆಗೆ 320 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ. ಆದ್ದರಿಂದ ಹಳೆಯದೆಂಬುದು ವಯಸ್ಸಿನ ಲಕ್ಷಣವಲ್ಲ, ಕೆಲಸವಿಲ್ಲದಿರುವಿಕೆಯ ಲಕ್ಷಣವೆಂದು ತಿಳಿಯತಕ್ಕದ್ದು. ಪುಷ್ಪಕದೊಳಗೆ ಪೈಲಟ್ ಇರುವುದಿಲ್ಲ. ಮಕ್ಕಳು ಕೆಳಗಿನಿಂದ ಎಷ್ಟೇ ಟಾಟಾ ಮಾಡಿದರೂ ತಿರುಗಿ ಕೈಬೀಸುವವರಿಲ್ಲವೆಂಬುದೊಂದೇ ಈ ಪಂಥದ ಕೊರತೆ.

ದುರ್ಗ ಪಂಥದ ಪರಮಪ್ರಮಾಣವು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿದೆ. 2023ರ ಆಗಸ್ಟ್ 20ರಂದು ತಪಸ್ ಎಂಬ ಮಾನವರಹಿತ ವಿಮಾನ, ಅಂದರೆ ನೆಲದಿಂದಲೇ ನಡೆಸುವ, 20.6 ಮೀಟರ್ ರೆಕ್ಕೆಹರವಿನ ಯಂತ್ರ, ಪರೀಕ್ಷಾ ಹಾರಾಟದ ನಡುವೆ ಈ ಊರಿನ ಹೊಲದಲ್ಲಿ ಬಿತ್ತು. ಅದೇ ಮಾದರಿಯ ರುಸ್ತುಂ–2 ಕೂಡ 2019ರ ಸೆಪ್ಟೆಂಬರ್ 17ರಂದು ಇದೇ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದಿತ್ತಾದ್ದರಿಂದ ಇದನ್ನು ಕಾಕತಾಳೀಯವೆನ್ನದೆ ಸಂಪ್ರದಾಯವೆನ್ನುವುದೇ ಲೇಸು. ಬಿದ್ದ ವಿಮಾನ ಅಲುಗದ ಕಾರಣ ಶಟರ್, ಪ್ಯಾನಿಂಗ್ ಮೊದಲಾಗಿ ಮೇಲೆ ಹೇಳಿದ ನಿಯಮಗಳೆಲ್ಲ ಇಲ್ಲಿ ಅನ್ವಯಿಸುವುದಿಲ್ಲ, ಮೊಳದುದ್ದದ ಲೆನ್ಸ್ ತಂದವನು ಚಿತ್ರ ಹಿಡಿಯಲು ಹಿಂದೆ ಹಿಂದೆ ಸರಿದು ಪಕ್ಕದ ಹೊಲದ ಬೆಳೆ ತುಳಿಯಬೇಕಾಗುತ್ತದೆ, ಮೊಬೈಲೇ ಸಾಕು.

ಆದುದರಿಂದ ಅಧಿಕಾರಿಯ ಲಕ್ಷಣವನ್ನು ಹೀಗೆ ನಿರೂಪಿಸಲಾಗಿದೆ: ಯಾರ ಹೊಲದ ಮೇಲೆ ವಿಮಾನದ ನೆರಳು ಹಾಯುವುದೋ ಅವನು ಅಧಿಕಾರಿ, ಯಾರ ಹೊಲಕ್ಕೆ ವಿಮಾನವೇ ಬರುವುದೋ ಅವನು ಪರಮಾಧಿಕಾರಿ. ಎರಡನೆಯ ಪದವಿ ಪೊಲೀಸರು ಬಂದು ಹಗ್ಗ ಕಟ್ಟುವವರೆಗೆ ಮಾತ್ರ ಸಿಂಧು.