ಪರಿಸರಸ್ನೇಹಿ ಪಾರ್ಸೆಲ್ ದಂಪತಿಗೆ ಶಿವಮೊಗ್ಗದ ಮಲವಗೊಪ್ಪದಿಂದ

ಶ್ರೀಯುತ ಕಬ್ಬಿನ ಸಿಪ್ಪೆ ಡಬ್ಬಿ ಮತ್ತು ಶ್ರೀಮತಿ ಮಣ್ಣಾಗುವ ಕವರ್ ಅವರಿಗೆ ನಮಸ್ಕಾರಗಳು.

ತಾವಿಬ್ಬರೂ ಬಿ.ಎಚ್. ರಸ್ತೆಯ ಹೋಟೆಲುಗಳಿಗೆ ದಯಮಾಡಿಸಿದ ಮೇಲೆ ಪಾರ್ಸೆಲ್ ಒಯ್ಯುವ ನಮ್ಮ ಗೌರವ ಹೆಚ್ಚಿದೆ, ಬಿಲ್ಲೂ ಹೆಚ್ಚಿದೆ. ತಮಗಿಂತ ಮೊದಲು ಇಲ್ಲಿದ್ದ ಪ್ಲಾಸ್ಟಿಕ್ ಮಹಾಶಯರು ಸಾಮಾನ್ಯರಲ್ಲ. 2016ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಕ್ಯಾರಿಬ್ಯಾಗು, ತಟ್ಟೆ, ಲೋಟ, ಚಮಚಗಳ ಸಮೇತ ಅವರ ಕುಟುಂಬವನ್ನೇ ಗಡಿಪಾರು ಮಾಡಿತು. 2022ರ ಜುಲೈ 1ರಂದು ಕೇಂದ್ರ ಸರ್ಕಾರವೂ ಮಾಡಿತು. ಆದರೂ 2025ರಲ್ಲಿ ಆರೋಗ್ಯ ಇಲಾಖೆ ರಾಜ್ಯದ 251 ಕಡೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಸಿದರೆ, 52 ಕಡೆ ಬಟ್ಟೆಯ ಬದಲು ಮಹಾಶಯರೇ ಒಳಗೆ ಹಬೆಸ್ನಾನದಲ್ಲಿದ್ದರು!

ಶ್ರೀಮತಿಯವರೇ, ತಮ್ಮ ಮೈಮೇಲಿನ ಎಲೆಚಿತ್ರ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ನಂಬರು ಎಲ್ಲ ಓದಿದೆ. ಮಣ್ಣಾಗುತ್ತೀರಿ, ಸಂತೋಷ. ಆದರೆ ಪರೀಕ್ಷೆಯಲ್ಲಿ ತಮ್ಮನ್ನು ಸುಮಾರು 58 ಡಿಗ್ರಿ ಬಿಸಿಯ ಗೊಬ್ಬರದಲ್ಲಿ 180 ದಿನಗಳವರೆಗೂ ಬಾಣಂತನ ಮಾಡುತ್ತಾರಂತೆ. ನಮ್ಮೂರ ಚರಂಡಿ 58 ಡಿಗ್ರಿಗೆ ಏರುವ ದಿನ ತಮಗಿಂತ ಮೊದಲು ನಾವೇ ಮಣ್ಣಾಗಿರುತ್ತೇವೆ.

ಇನ್ನು ಡಬ್ಬಿ ರಾಯರು. ತಾವು ಇಳಿದ ಊರು ಯಾವುದು ಗೊತ್ತೆ? ತುಂಗಭದ್ರಾ ಸಕ್ಕರೆ ಕಾರ್ಖಾನೆಯ ಊರು. ಅತ್ತ ಭದ್ರಾವತಿಯಲ್ಲಿ ಕಬ್ಬಿನ ಸಿಪ್ಪೆಯಿಂದಲೂ ಕಾಗದ ಮಾಡುತ್ತಿದ್ದ ಎಂಪಿಎಂ ಕಾರ್ಖಾನೆ. ಎರಡಕ್ಕೂ ಬೀಗ ಬಿದ್ದಿದೆ. ಈಗ ಸಿಪ್ಪೆ ಡಬ್ಬಿಯ ವೇಷ ಹಾಕಿ, ಪರಸ್ಥಳದಿಂದ ಲಾರಿ ಹತ್ತಿ ಬಂದು, ಸಿಪ್ಪೆಯ ಉಪಯೋಗವೇನೆಂದು ನಮಗೇ ಪಾಠ ಹೇಳುತ್ತಿದೆ.

ಅಷ್ಟಕ್ಕೂ ಪರಸ್ಥಳದಿಂದಲೇ ತರಿಸಬೇಕೆ? ಸುತ್ತಲಿನ ತೋಟಗಳಲ್ಲಿ ಅಡಿಕೆ ಹಾಳೆ ತಾನಾಗಿ ಕಳಚಿ ಬೀಳುತ್ತದೆ. ನೆನೆಸಿ, ಬಿಸಿ ಅಚ್ಚಿಗೆ ಒತ್ತಿದರೆ ತಟ್ಟೆ. ಗೀರುಗೀರಾಗಿ ಕಾಣುವ ನಾರೇ ಅದರ ಡಿಸೈನು. ಸರಿಯಾಗಿ ಒಣಗದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ನಿಜ. ಸಾಂಬಾರು ಅದರಲ್ಲಿ ಮನೆವರೆಗೆ ಬರುವುದಿಲ್ಲ, ಅದೂ ನಿಜ. ಸಾಂಬಾರಿಗೆ ಸ್ಟೀಲ್ ಕ್ಯಾರಿಯರ್ ಇತ್ತಲ್ಲ? ಈಗಲೂ ಇದೆ, ಅಟ್ಟದ ಮೇಲೆ. ಹೋಟೆಲಿಗೆ ಒಯ್ಯಲು ನಾಚಿಕೆ. ಪ್ಲಾಸ್ಟಿಕ್ ಕೊಟ್ಟರೆಂದು ಗಲ್ಲಾದಲ್ಲಿ ಕೂತವರಿಗೆ ಮಾತ್ರ ದಂಡದ ರಸೀದಿ ಹರಿದರೆ ಏನು ಬಂತು? ಗಿರಾಕಿಯ ಈ ನಾಚಿಕೆಗೂ ಕಾನೂನಿನಲ್ಲಿ ಒಂದು ಕಲಂ ಬೇಕಿತ್ತು.

ಇತಿ,
ಕೈಬೀಸಿಕೊಂಡು ಪಾರ್ಸೆಲ್ಲಿಗೆ ಬರುವ ಗಿರಾಕಿ

ವಿ.ಸೂ.: ಚಟ್ನಿ ಮಾತ್ರ ಇನ್ನೂ ಹಳೇ ಮಹಾಶಯರ ಜೊತೆಯಲ್ಲೇ, ಸೊಂಟಕ್ಕೆ ದಾರ ಬಿಗಿದುಕೊಂಡು ಓಡಾಡುತ್ತಿದೆ. ದಂಪತಿಗಳು ದಯವಿಟ್ಟು ಕರೆದು ಬುದ್ಧಿ ಹೇಳುವುದು.