ಕಂಟ್ರೋಲರ್ ಕಾಕಾ

ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಮೈಕು ಹಿಡಿದು ಆಯುಷ್ಯ ಕಳೆದ ಮನುಷ್ಯನಿಗೆ ಮನೆಯಲ್ಲೊಂದು ಕೆಲಸ ಹುಡುಕಿಕೊಡುವುದು ಹುಡುಗಾಟದ ಮಾತಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳಓಣಿಗಳಲ್ಲಿ ಇಂಥವರು ಬೇಕಾದಷ್ಟು ಮಂದಿ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಈ ರಸ್ತೆಯಲ್ಲೇ, ಹೊಸ ಬಸ್ ನಿಲ್ದಾಣವೂ ಇಲ್ಲೇ. ಡ್ಯೂಟಿಗೆ ಹತ್ತಿರವಾಗಲಿ ಅಂತ ಸೈಟು ಹಿಡಿದವರು ಡ್ಯೂಟಿ ಮುಗಿದ ಮೇಲೂ ಇಲ್ಲೇ ಉಳಿದರು. ರಿಟೈರಾದ ಮೆಕ್ಯಾನಿಕ್ಕು ಓಣಿಯವರ ನೀರಿನ ಮೋಟಾರು ಬಿಚ್ಚುತ್ತಾರೆ. ರಿಟೈರಾದ ಕಂಡಕ್ಟರು ಗಣಪತಿ ಪಟ್ಟಿ ಎತ್ತುತ್ತಾರೆ, ಚಿಲ್ಲರೆ ಮಾತ್ರ ಆಮೇಲೆ ಕೊಡುತ್ತಾರೆ. ರಿಟೈರಾದ ಸಂಚಾರ ನಿಯಂತ್ರಕರಿಗೆ ಮಾತ್ರ ನಿಯಂತ್ರಿಸಲು ಯಾವ ಸಂಚಾರವೂ ಸಿಕ್ಕಿರಲಿಲ್ಲ, ಮನೆಗೆ ವೈಫೈ ಬರುವ ತನಕ.

ನಾನು ಕಾಕಾನ ಮೇಲಿನ ಮನೆಯ ಬಾಡಿಗೆದಾರ. ಬಾಡಿಗೆಯಲ್ಲಿ ನೀರು, ವೈಫೈ ಎರಡೂ ಸೇರಿವೆ. ನೀರು ಯಾವ ದಿನ ಬರುತ್ತದೆಂಬುದು ಓಣಿಗೆಲ್ಲ ಗೊತ್ತು. ವೈಫೈ ಯಾವಾಗ ಎಂಬುದು ಕಾಕಾ ಒಬ್ಬರಿಗೇ ಗೊತ್ತು.

ವೈಫೈಗೆ ಮುಂಚಿನ ದಿನಗಳ ನೆನಪು ತೆಗೆದರೆ ಕಾಕು ಕೈ ಮುಗಿಯುತ್ತಾರೆ. ಕುಕ್ಕರು ಎಷ್ಟಕ್ಕೆ ಒಲೆ ಏರಿತು, ಮೊದಲ ಸೀಟಿ ಎಷ್ಟಕ್ಕೆ, ಯಾಕೆ ಲೇಟು ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರಂತೆ. ಒಂದು ದಿನ ಮಗ ಮಾತಿನ ಭರದಲ್ಲಿ, “ಅಪ್ಪಾ, ಈ ರೌಟರ್‌ನಾಗ ಟ್ರಾಫಿಕ್ ಪ್ರಯಾರಿಟಿ ಅಂತ ಒಂದ್ ಸೆಟ್ಟಿಂಗ್ ಐತಿ” ಅಂದ. ಅವನು ಹಾಗೆ ಅನ್ನಬಾರದಿತ್ತು. ಕಾಕಾ ಪೇಪರ್ ಮಡಚಿಟ್ಟು ಕನ್ನಡಕ ಏರಿಸಿದರು.

“ಏನಂದಿ? ಟ್ರಾಫಿಕ್ಕಾ?”

ಮರುದಿನ ಬೆಳಿಗ್ಗೆ ಟಿವಿ ಪಕ್ಕದ ಮೊಳೆಗೆ ಒಂದು ರಿಜಿಸ್ಟರು ತೂಗುಬಿದ್ದಿತ್ತು. ಕೆಂಪು ಶಾಯಿಯಲ್ಲಿ ಅಡ್ಡಗೆರೆ, ನೀಲಿಯಲ್ಲಿ ಹೆಸರು. ರೌಟರಿನ ಪರದೆಯ ಮೇಲೆ ಹೈ, ಮೀಡಿಯಂ, ಲೋ ಎಂದಿದ್ದದ್ದು ಈ ರಿಜಿಸ್ಟರಿನಲ್ಲಿ ತಡೆರಹಿತ, ವೇಗದೂತ, ಸಾಮಾನ್ಯ ಸಾರಿಗೆ ಆಗಿತ್ತು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುವ ಮಗನ ಲ್ಯಾಪ್‌ಟಾಪು ತಡೆರಹಿತ. ಸೊಸೆಯ ಆನ್‌ಲೈನ್ ಟ್ಯೂಷನ್ ವೇಗದೂತ. ಕಾಕುವಿನ ಧಾರಾವಾಹಿ ಓಡುವ ಟಿವಿ, ಮೊಮ್ಮಗನ ಆಟದ ಫೋನು, ನನ್ನ ಲ್ಯಾಪ್‌ಟಾಪು ಮೂರೂ ಸಾಮಾನ್ಯ ಸಾರಿಗೆ, ಕೈ ತೋರಿದಲ್ಲೆಲ್ಲ ನಿಲುಗಡೆ.

ಕಾಕಾನಿಗೆ ವಿಷಯ ತಿಳಿಯಲಿಲ್ಲ ಅಂತ ಯಾರೂ ತಿಳಿಯಬೇಡಿ. ಎಂಜಿನಿಯರುಗಳು ಹಲಗೆ ಮೇಲೆ ಚಿತ್ರ ಬರೆದು ಹೇಳುವುದನ್ನು ಅವರು ಕಟ್ಟೆ ಮೇಲೆ ಕೂತು ಹೇಳಿ ಮುಗಿಸಿದರು. “2018ರಾಗ ಚಿಗರಿ ಬಸ್ಸು ಬಂತಿಲ್ಲೋ, ಅದಕ್ಕ ರಸ್ತೆ ನಡುವ ಬ್ಯಾರೆ ಲೈನ್ ಹಾಕಿ ಕೊಟ್ರು. ಧಾರವಾಡಕ್ಕ ಭರ್ ಅಂತ ಹೊಕ್ಕೈತಿ. ಹಂಗಂತ ಉಳಿದವರಿಗೆ ಜಾಗ ಹೆಚ್ಚಾತೇನು? ಆ ಲೈನಿನ್ಯಾಗ ಅವ್ರು ಕಾಲಿಡಂಗಿಲ್ಲ.” ಆದ್ಯತೆ ಕೊಟ್ಟರೆ ಇಂಟರ್‌ನೆಟ್ ಹೆಚ್ಚಾಗುವುದಿಲ್ಲ, ಯಾರು ಕಾಯಬೇಕು ಎಂಬುದಷ್ಟೇ ತೀರ್ಮಾನವಾಗುತ್ತದೆ. ಇದನ್ನು ಒಪ್ಪಿಕೊಳ್ಳಲು ನನ್ನ ಆಫೀಸಿನವರಿಗೇ ಬಹಳ ದಿನ ಬೇಕಾಯಿತು.

ಅವರು ಎಡವಿದ್ದು ಆಡಳಿತದಲ್ಲಿ. ಸಾಮಾನ್ಯ ಸಾರಿಗೆಯವರು ಅರ್ಜಿ ಹಿಡಿದು ಬರತೊಡಗಿದರು.

ಮೊದಲ ಅರ್ಜಿ ಕಾಕುವಿನದು, ಬಾಯಿಮಾತಿನದೂ ಅಲ್ಲ: ನಾಲ್ಕು ಗಂಟೆಯ ಚಹಾ ಐದಾದರೂ ಬರಲಿಲ್ಲ. ಐದೂ ಕಾಲಿಗೆ ಟಿವಿ ತಡೆರಹಿತವಾಯಿತು, ಐದೂ ಇಪ್ಪತ್ತಕ್ಕೆ ಚಹಾ. “ಮಾವಾರ, ಮಕ್ಕಳ ಪರೀಕ್ಷೆ ಹತ್ರ ಬಂದಾವ್ರಿ” ಅಂದ ಸೊಸೆಗೆ ಅದೇ ದಿನ ಬಡ್ತಿ. ಮೊಮ್ಮಗ ರಾತ್ರಿ ಅಜ್ಜನ ಕಾಲು ಒತ್ತಿದ. ನಾನೂ ಸಾಚಾ ಅಲ್ಲ. ಸಂಜೆ ಗಿರಮಿಟ್ಟು, ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋಗಿ ಕಟ್ಟೆ ಮೇಲೆ ಬಿಚ್ಚಿದೆ. ಭಜಿ ಆರುವುದರೊಳಗೆ ರಿಜಿಸ್ಟರಿನಲ್ಲಿ ನನ್ನ ಹೆಸರು ಮೇಲಿನ ಸಾಲಿಗೆ ಏರಿತ್ತು. ಕಡೆಗೆ ಮನೆಯೊಳಗಿನ ಎಲ್ಲ ಯಂತ್ರಗಳೂ, ಪಡಸಾಲೆಯ ಬಣ್ಣ ಬದಲಿಸುವ ಬಲ್ಬು ಸಮೇತ, ತಡೆರಹಿತವಾದವು.

“ಕಾಕಾ, ಎಲ್ಲಾರೂ ಹೈ ಆದ್ರ ಯಾರೂ ಹೈ ಅಲ್ರಿ. ಮೊದಲಿದ್ದಂಗ ಆತು” ಅಂದೆ.

“ಇರ್ಲಿ ಬಿಡೋ ತಮ್ಮಾ, ಮಂದಿಗೆ ಸಮಾಧಾನ ಆಕ್ಕೈತಿ. ಹಬ್ಬದಾಗ ಎಲ್ಲಾ ಬಸ್ಸಿಗೂ ಸ್ಪೆಷಲ್ ಅಂತ ಬೋರ್ಡ್ ಹಾಕ್ತಿದ್ವಿ. ಬಸ್ಸು ಅವ ಇದ್ದುವು.”

ಕ್ಯೂ ವಿಷಯ ಬಂದ ದಿನ ಮಾತ್ರ ನಮ್ಮಿಬ್ಬರಿಗೂ ಸ್ವಲ್ಪ ಗರಂ ಆಯಿತು. ಮನೆಯ ನೆಟ್ ಜೋತುಬೀಳುವುದು ಬಹಳ ಸಲ ಲೈನಿನ ದೋಷದಿಂದಲ್ಲ. ದಾರಿಯ ಉಪಕರಣಗಳು ಬಂದ ಪ್ಯಾಕೆಟ್ಟನ್ನೆಲ್ಲ ಒಳಗೆ ಬಿಟ್ಟುಕೊಂಡು ಉದ್ದ ಸಾಲು ನಿಲ್ಲಿಸುವುದರಿಂದ. ಮೊಮ್ಮಗನ ಫೋನು ಜಾತ್ರೆಯ ವಿಡಿಯೋಗಳನ್ನು ಮೇಲಕ್ಕೆ ಕಳಿಸುತ್ತ ಕೂತರೆ, ಮಗನ ಮೀಟಿಂಗಿನ “ಹಲೋ” ಆ ಸಾಲಿನ ಬಾಲದಲ್ಲಿ ನಿಂತಿರುತ್ತದೆ. ಜಿಮ್ ಗೆಟ್ಟಿಸ್ ಎಂಬ ಅಮೆರಿಕದ ಎಂಜಿನಿಯರು 2010ರಲ್ಲಿ ತಮ್ಮ ಮನೆಯ ನೆಟ್ಟಿನಲ್ಲೇ ಇದನ್ನು ಕಂಡು ಬೆನ್ನು ಹತ್ತಿದರು, ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್ಸನ್ ಅದಕ್ಕೊಂದು ಮದ್ದು ಕೊಟ್ಟರು: ಸಾಲಿನಲ್ಲಿ ಕಾಯುವ ಹೊತ್ತು ಮಿತಿ ಮೀರಿ ಹಾಗೇ ಉಳಿದರೆ, ಕೆಲವು ಪ್ಯಾಕೆಟ್ಟುಗಳನ್ನು ಎತ್ತಿ ಎಸೆದುಬಿಡು.

ಕಾಕಾ ಕಟ್ಟೆಯಿಂದ ಎದ್ದೇ ನಿಂತರು. “ಭಾಳ ಹೊತ್ತು ಕಾಯ್ದವನನ್ನ ಹೊರಗ ಹಾಕೋದಾ? ನಮ್ಮ ಸ್ಟ್ಯಾಂಡಿನ್ಯಾಗ ಹಂಗ ಮಾಡಿದ್ರ ಕಲ್ಲು ಬೀಳ್ತಿದ್ದುವು!”

“ಎಸದದ್ದು ಗೊತ್ತಾದ ಕೂಡ್ಲೇ ಕಳಿಸೋರು ತಾವಽ ವೇಗ ಕಡಿಮಿ ಮಾಡ್ತಾರ್ರಿ, ಕಾಕಾ. ಎಸದದ್ದನ್ನ ಮತ್ತ ಕಳಿಸ್ತಾರ. ಸಾಲು ಸಣ್ಣದಾಕ್ಕೈತಿ.”

“ಹೊಸೂರ ಸರ್ಕಲ್‌ನ್ಯಾಗ ಯಾರರ ವೇಗ ಕಡಿಮಿ ಮಾಡಿದ್ದು ನೋಡೀಯೇನು?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ಯತೆ ಶುರು ಮಾಡುವ ಪುಟದಲ್ಲಿ ರೌಟರು ಒಂದು ಪ್ರಶ್ನೆ ಕೇಳುತ್ತದೆ: ನಿಮ್ಮ ಲೈನು ಎಷ್ಟರದು? ನಮ್ಮದು 100 ಎಂಬಿಪಿಎಸ್. ಅಲ್ಲಿ 90 ಅಂತ ತುಂಬಬೇಕು. ಹಾಗೆ ಸ್ವಲ್ಪ ಕೈ ಹಿಡಿದರೆ ಸಾಲು ನಮ್ಮ ರೌಟರಿನಲ್ಲೇ ನಿಲ್ಲುತ್ತದೆ, ನಮ್ಮ ಕಾನೂನು ನಡೆಯುತ್ತದೆ. ಪೂರಾ ಬಿಟ್ಟರೆ ಸಾಲು ಹೋಗಿ ಕಂಪನಿಯವರ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಅಲ್ಲಿ ಕಾಕಾನ ರಿಜಿಸ್ಟರನ್ನು ಕೇಳುವವರಿಲ್ಲ. ಇಷ್ಟನ್ನು ಹೇಳೋಣವೆಂದು ಹೋದರೆ, ಕಾಕಾ ಎಂದೋ ಆ ಜಾಗ ತುಂಬಿಬಿಟ್ಟಿದ್ದರು: 1000.

“ಬಾಕ್ಸಿನ ಮ್ಯಾಲ ಗಿಗಾಬಿಟ್ ಅಂತ ಬರದಾರ. ಯಾಕ ಕಡಿಮಿ ಬರೀಬೇಕು?”

“ಅದು ಡಬ್ಬಿ ತಾಕತ್ತು ಕಾಕಾ, ಲೈನಿಂದಲ್ಲ. 90 ಹಾಕ್ರಿ.”

“ರೊಕ್ಕ ಕೊಟ್ಟಿದ್ದು ನೂರಕ್ಕ. ಹತ್ತು ಯಾಕ ಬಿಡ್ಲಿ? ನಿಮ್ಮಪ್ಪನ ಮನಿದಾ?”

ನೂರರ ಲೈನಿಗೆ ಸಾವಿರ ಅಂತ ಹೇಳಿಸಿಕೊಂಡ ರೌಟರು, ರಸ್ತೆ ಸದಾ ಖಾಲಿ ಎಂದೇ ನಂಬಿ ಕೂತಿತ್ತು. ಖಾಲಿ ರಸ್ತೆಯಲ್ಲಿ ಯಾರನ್ನು ಮುಂದೆ ಬಿಡುವುದು, ಯಾರನ್ನು ತಡೆಯುವುದು? ಅಂದರೆ ಆ ಚಹಾ, ಆ ಕಾಲೊತ್ತು, ನನ್ನ ಮಿರ್ಚಿ ಭಜಿ ಎಲ್ಲವೂ ಜಾರಿಗೇ ಬಾರದ ಆದೇಶಗಳಿಗೆ ಸಂದ ಕಪ್ಪ. ಆದರೂ ತಡೆರಹಿತವಾದ ದಿನದಿಂದ ಧಾರಾವಾಹಿ ಒಮ್ಮೆಯೂ ನಿಂತಿಲ್ಲವೆಂದು ಕಾಕು ಆಣೆ ಮಾಡುತ್ತಿದ್ದರು. ನನ್ನ ಲ್ಯಾಪ್‌ಟಾಪೂ ಚುರುಕಾದಂತೆಯೇ ಇತ್ತು, ನಿಜ ಹೇಳಬೇಕೆಂದರೆ.

ಇಡೀ ಮನೆಯಲ್ಲಿ ಜಾರಿಯಲ್ಲಿದ್ದದ್ದು ಒಂದೇ ಒಂದು ಆದೇಶ. ಯಂತ್ರಗಳ ಪಟ್ಟಿಯಲ್ಲಿ ಒಮ್ಮೆ ಹೆಸರಿಲ್ಲದ, ‘ಅನ್‌ನೋನ್’ ಎಂಬ ಒಬ್ಬ ಕಾಣಿಸಿಕೊಂಡ. ಕಾಕಾನ ಕಣ್ಣು ನೇರ ಕಂಪೌಂಡಿನಾಚೆ ಹೋಯಿತು. “ಬಾಜೂ ಮನಿಯಾಂವ. ಟಿಕೆಟ್ ಇಲ್ಲದ ಹತ್ಯಾನ.” ಪೂರ್ತಿ ಇಳಿಸಿಬಿಟ್ಟರೆ ಜಗಳವಾದೀತೆಂದು ದಯೆ ತೋರಿ, ಅರ್ಧ ಎಂಬಿಪಿಎಸ್‌ಗಿಂತ ಹೆಚ್ಚು ಸಿಗದಂತೆ ಅವನಿಗೊಂದು ಕಟ್ಟು ಹಾಕಿದರು. ಈ ಕಟ್ಟಿನ ಲೆಕ್ಕ ಬೇರೆ. ಅದಕ್ಕೆ ಲೈನು ನೂರರದೋ ಸಾವಿರದ್ದೋ ಬೇಕಿಲ್ಲ. ಹಾಕಿದ ಕ್ಷಣದಿಂದ ಅದು ಚಾಚೂ ತಪ್ಪದೆ ನಡೆಯಿತು.

ಆ ವಾರದಿಂದಲೇ ಕಾಕಾನ ಫೋನು ಮಂದವಾಯಿತು. ಪುಣೆಯ ಮಗಳು ವಿಡಿಯೋ ಕಾಲ್ ಮಾಡಿದರೆ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಡುತ್ತಿದ್ದಳು. “ನೋಡು, ಬಾಜೂದಾಂವ ಎಷ್ಟ್ ಎಳೀತಾನ!” ಅನ್ನುತ್ತ ಕಾಕಾ ಕಟ್ಟನ್ನು ಇನ್ನಷ್ಟು ಬಿಗಿ ಮಾಡಿದರು. ಮಗಳು ಪೂರ್ತಿ ಕಾಣೆಯಾದಳು.

ಗುಟ್ಟು ಹಿಡಿದವನು ಮೊಮ್ಮಗ. 2019ರ ಆಂಡ್ರಾಯ್ಡ್ 10, ಮರುವರ್ಷದ ಐಒಎಸ್ 14 ಬಂದಾಗಿನಿಂದ ಫೋನುಗಳು ವೈಫೈ ಹತ್ತುವಾಗ ತಮ್ಮ ಯಂತ್ರದ ಅಸಲಿ ಗುರುತಿನ ನಂಬರು ಹೇಳದೆ ಒಂದು ಕಟ್ಟುಕತೆಯ ನಂಬರು ಹೇಳುತ್ತವೆ, ಯಾರೂ ಬೆನ್ನು ಹತ್ತದಿರಲಿ ಎಂದು. ಮಗಳು ಕೊಡಿಸಿದ ಕಾಕಾನ ಹೊಸ ಫೋನೂ ಹಾಗೇ ಹೇಳಿತ್ತು. ಕೆಂಪು ಶಾಯಿಯ ರಿಜಿಸ್ಟರಿನಲ್ಲಿ ತಡೆರಹಿತವಾಗಿದ್ದದ್ದು ಕಪಾಟಿನಲ್ಲಿ ಸತ್ತು ಬಿದ್ದ ಹಳೆಯ ಫೋನು.

ಹುಡುಗ ಶಾಣ್ಯಾ. ಅಜ್ಜನಿಗೆ ಏನೂ ಹೇಳದೆ, ಅಜ್ಜ ಮಧ್ಯಾಹ್ನ ಮಲಗಿದಾಗ ಫೋನಿನೊಳಗಿನ ಆ ಒಂದು ಬಟನ್ನು ಬದಲಿಸಿ ಅಸಲಿ ನಂಬರು ಹೇಳುವಂತೆ ಮಾಡಿದ. ಸಂಜೆ ಪಟ್ಟಿ ತೆಗೆದರೆ ಅನ್‌ನೋನ್ ಮಾಯ. ಅವನ ಜಾಗದಲ್ಲಿ ಕಾಕಾನದೇ ಫೋನು, ಕಂಪನಿ ಹೆಸರಿನ ಸಮೇತ. ತಾವು ಯಾವ ದರ್ಜೆ ಎಂದು ಕಾಕಾ ತುಸು ಯೋಚಿಸಿ, ಸಾಮಾನ್ಯ ಸಾರಿಗೆ ಎಂದು ಬರೆದುಕೊಂಡರು. “ಸ್ಟಾಫಿಗೆ ಪಾಸ್ ಇರ್ತೈತಿ. ಸೀಟು ಕೇಳಬಾರ್ದು.” ಮಗಳು ಮಾತ್ರ ಅಂದು ನಿಲ್ಲದೆ, ಕಣ್ಣು ಪಿಳುಕಿಸುತ್ತ ಮಾತಾಡಿದಳು.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಬಾಜೂ ಮನೆಯವರು ಹಾಲಿನ ಪಾಕೀಟು ಹಿಡಿದು ನಿಂತಿದ್ದರು. ಅವರ ಮನೆಗೆ ಬೇರೆಯದೇ ಕನೆಕ್ಷನ್ ಇದೆ, ಬಹಳ ವರ್ಷದಿಂದ. ಕಾಕಾ ಕೈ ಹಿಂದೆ ಕಟ್ಟಿಕೊಂಡು ಹೋಗಿ ಕೇಳಿದರು: “ಏನ್ರೀ, ನೆಟ್ ಹೆಂಗ್ ಬರಾಕತ್ತೈತಿ?”

“ನಿನ್ನಿ ಸಂಜಿಂದ ಯಾಕೋ ಭಾಳ ಸ್ಲೋ ಐತ್ ನೋಡ್ರಿ.”

ಕಾಕಾ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.